ಆಹ್ವಾನ ಪತ್ರಿಕೆಯಲ್ಲಿ ಮಕ್ಕಳ ಹೆಸರು ಎಲ್ಲಿ?

1/9
ಡಿಸೆಂಬರ್ ಬಂತು ಅಂದ್ರೆ ಸರ್ಕಾರಿ ಪ್ರೈಮರಿ ಸ್ಕೂಲ್‌ಗಳಲ್ಲಿ ಸೀಸನ್ ಶುರು. ದಸರಾ ರಜೆ ಮುಗಿದಿರುತ್ತೆ, ವಾರ್ಷಿಕ ಪರೀಕ್ಷೆ ಇನ್ನೂ ದೂರ. ಈ ನಡುವಿನ ಚಳಿಗಾಲದಲ್ಲೇ ಪ್ರವಾಸ, ಪ್ರತಿಭಾ ಕಾರಂಜಿ, ಮೆಟ್ರಿಕ್ ಮೇಳ, ಜನವರಿ 26ರ ಕವಾಯತು ಎಲ್ಲಾ ಬರುತ್ತೆ. ಎಲ್ಲಕ್ಕಿಂತ ದೊಡ್ಡದು ಶಾಲಾ ವಾರ್ಷಿಕೋತ್ಸವ. ನಮ್ಮ ಬಾಯಲ್ಲಿ ಸ್ಕೂಲ್ ಡೇ.

ನಿಮ್ಮ ಫೀಡ್ ನೋಡಿ. ಈ ವಾರ ನಾಲ್ಕು ಜನ ಆದ್ರೂ ತಮ್ಮೂರ ಸ್ಕೂಲ್ ಡೇ ಸ್ಟೋರಿ ಹಾಕಿರ್ತಾರೆ. ಲೈಟಿಂಗ್, ಸ್ಟೇಜು, ಪುಟಾಣಿಗಳ ಡ್ಯಾನ್ಸು, ಮೇಲೊಂದು ಹಾರ್ಟು. ನಾನೂ ಲೈಕ್ ಒತ್ತಿದ್ದೀನಿ, ಅದರ ಬಗ್ಗೆ ತಕರಾರಿಲ್ಲ.

ತಕರಾರು ಇರೋದು ಆ ಹದಿನೈದು ಸೆಕೆಂಡಿನ ಆಚೆ ಈಚೆ ಏನಾಗುತ್ತೆ ಅನ್ನೋದರ ಬಗ್ಗೆ. ನೇರವಾಗಿ ಹೇಳ್ತೀನಿ: ಮಕ್ಕಳ ಹಬ್ಬ ಅಂತ ಕರೆಯೋ ಈ ಕಾರ್ಯಕ್ರಮದಲ್ಲಿ ಎಲ್ಲರಿಗಿಂತ ಕೊನೆಗೆ ಬರೋದು ಮಕ್ಕಳು. ಇದು ಬದಲಾಗಬೇಕು. ಬದಲಾಯಿಸೋಕೆ ಆಗೋದು ಹಿಂದೆ ನಿಂತು ಮೊಬೈಲ್ ಎತ್ತಿ ಹಿಡಿಯೋ ನಮ್ಮ ವಯಸ್ಸಿನವರಿಗೆ.

ಉದ್ದ ಇದೆ, ಒಂಬತ್ತು ಭಾಗ. ಓದಿ, ಆಮೇಲೆ ಜಗಳ ಆಡೋಣ.

2/9
ಫೋಟೋದಲ್ಲಿ ಇರೋದು ಒಂದು ಆಹ್ವಾನ ಪತ್ರಿಕೆ. ಊರಿನ ಹೆಸರು, ಜನರ ಹೆಸರು ಎಲ್ಲಾ ಬ್ಲರ್ ಮಾಡಿದ್ದೀನಿ, ಯಾಕಂದ್ರೆ ಇದು ಒಂದೂರಿನ ಕಥೆ ಅಲ್ಲ. ಹೆಸರು ಎಷ್ಟಿವೆ ಅಂತ ಮಾತ್ರ ಎಣಿಸಿ.

ಉದ್ಘಾಟನೆ, ಘನ ಅಧ್ಯಕ್ಷತೆ, ಜ್ಯೋತಿ ಬೆಳಗಿಸುವವರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತಿ, ಸನ್ಮಾನಿತರು, ದಾನಿಗಳು. ಎಲ್ಲಾ ಸೇರಿ ನಲವತ್ಮೂರು ಹೆಸರು. ಒಬ್ಬೊಬ್ಬರ ಹೆಸರಿನ ಕೆಳಗೂ ಹುದ್ದೆ. ಯಾರ ಹೆಸರು ದಪ್ಪ ಅಕ್ಷರದಲ್ಲಿ, ಯಾರದು ಸಣ್ಣ ಅಕ್ಷರದಲ್ಲಿ ಅನ್ನೋದರ ಮೇಲೆ ಊರಲ್ಲಿ ಎರಡು ದಿನ ಮುನಿಸು ಬೇರೆ.

ಇನ್ನು ಮಕ್ಕಳು? ಕೊನೇ ಸಾಲಲ್ಲಿ ಇದ್ದಾರೆ. 'ನಂತರ ಮಕ್ಕಳಿಂದ ಸಾಂಸ್ಕೃತಿಕ ಕಾರ್ಯಕ್ರಮ.' ಅಷ್ಟೇ. ಒಂದು ಮಗುವಿನ ಹೆಸರೂ ಇಲ್ಲ.

'ನಂತರ' ಅನ್ನೋ ಪದ ಗಮನಿಸಿ. ಇಡೀ ರಾತ್ರಿಯ ಹಣೆಬರಹ ಆ ಪದದಲ್ಲೇ ಇದೆ.

ನಿಮ್ಮೂರ ಶಾಲೆಯ ಪತ್ರಿಕೆ ವಾಟ್ಸಾಪ್ ಗ್ರೂಪಲ್ಲಿ ಬಂದೇ ಬಂದಿರುತ್ತೆ. ತೆಗೆದು ಎಣಿಸಿ. ದೊಡ್ಡವರ ಹೆಸರು ಎಷ್ಟು, ಮಕ್ಕಳ ಹೆಸರು ಎಷ್ಟು ಅಂತ ಕಾಮೆಂಟಲ್ಲಿ ಎರಡು ಸಂಖ್ಯೆ ಹಾಕಿ ಸಾಕು.

3/9
ಈಗ ಆ 'ನಂತರ' ಎಷ್ಟು ಹೊತ್ತಿಗೆ ಬರುತ್ತೆ ನೋಡೋಣ.

ಪತ್ರಿಕೆಯಲ್ಲಿ ಸಂಜೆ 5.30 ಅಂತ ಇರುತ್ತೆ. ಮಕ್ಕಳಿಗೆ ನಾಲ್ಕಕ್ಕೇ ಬರೋಕೆ ಹೇಳಿರ್ತಾರೆ, ಮೇಕಪ್ ಆಗಬೇಕಲ್ಲ. ಐದೂವರೆಗೆ ಖಾಲಿ ಕುರ್ಚಿ. ಆರೂವರೆಗೆ 'ಮಾನ್ಯರು ಪಕ್ಕದೂರಲ್ಲಿದ್ದಾರೆ, ಇನ್ನೇನು ಬಂದ್ರು'. ಏಳೂಮುಕ್ಕಾಲಿಗೆ ಕಾರು ಬರುತ್ತೆ. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ವರದಿ ವಾಚನ, ಸನ್ಮಾನ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫೋಟೋ. ಫೋಟೋ ಸರಿ ಬರ್ಲಿಲ್ಲ ಅಂತ ಇನ್ನೊಂದು ಸಲ ಹಾರ. ಅದಾದ ಮೇಲೆ ಭಾಷಣ. 'ಹೆಚ್ಚು ಮಾತಾಡೋಕೆ ಸಮಯ ಇಲ್ಲ, ಆದರೂ ಎರಡು ಮಾತು' ಅಂತ ಶುರು ಮಾಡಿದವರು ಇಪ್ಪತ್ತು ನಿಮಿಷ ಇಳಿಯೋದಿಲ್ಲ. ಇಂದಿನ ಮಕ್ಕಳೇ ನಾಳಿನ ಪ್ರಜೆಗಳು ಅಂತಾರೆ. ಇಂದಿನ ಮಕ್ಕಳು ಇಂದೇ ಅಲ್ಲೇ ಸ್ಟೇಜಿನ ಹಿಂದೆ ಆಕಳಿಸ್ತಾ ಕೂತಿರ್ತಾರೆ.

ಮೊದಲ ಡ್ಯಾನ್ಸ್ ಶುರು ಆಗೋ ಹೊತ್ತಿಗೆ ಹತ್ತು ಗಂಟೆ. ಮಾನ್ಯರು ಆಗಲೇ ಹೊರಟಿರ್ತಾರೆ. ಇನ್ನೊಂದು ಊರಲ್ಲಿ ಇನ್ನೊಂದು ಸ್ಕೂಲ್ ಡೇ, ಅಲ್ಲೂ ಮಕ್ಕಳು ಕಾಯ್ತಿದ್ದಾರೆ.

ನಾನು ಬಿಕಾಂ, ಲೆಕ್ಕ ಹಾಕದೆ ಇರೋಕಾಗಲ್ಲ. 120 ಮಕ್ಕಳಿರೋ ಶಾಲೆ ಅಂದ್ಕೊಳ್ಳಿ. ಒಬ್ಬೊಬ್ಬರೂ ಸುಮ್ಮನೆ ಕಾದದ್ದು ಮೂರು ಗಂಟೆ ಅಂತಾನೇ ಇಟ್ಕೊಳ್ಳಿ. ಒಟ್ಟು 360 ಗಂಟೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೀಬೇಕು. ಅಂದ್ರೆ ಒಂದು ಮಗುವಿನ ಇಡೀ ವರ್ಷದ ಪಾಠದ ಹೊತ್ತಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸಮಯವನ್ನ ಆ ಊರು ಒಂದು ಸಂಜೆಯಲ್ಲಿ ಕಾಯೋದಕ್ಕೆ ಖರ್ಚು ಮಾಡ್ತು. ಇದು ಯಾವ ಲೆಡ್ಜರಲ್ಲೂ ಬರೋದಿಲ್ಲ, ಯಾಕಂದ್ರೆ ಮಕ್ಕಳ ಸಮಯಕ್ಕೆ ರೇಟ್ ಇಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೀವಿ.

4/9
ಸ್ಟೇಜಿನ ಹಿಂದಿನ ಕಥೆ ಹೇಳ್ತೀನಿ. ಎರಡು ವರ್ಷದಿಂದ ನಾನು ಹೋಗೋದು ಅಲ್ಲಿಗೇ. ಡ್ರೆಸ್‌ಗೆ ಪಿನ್ ಹಾಕೋದು, ತಲೆ ಬಾಚೋದು ನನ್ನ ಕೆಲಸ. ನಾಲ್ಕನೇ ಕ್ಲಾಸಿನ ರೂಮೇ ಗ್ರೀನ್ ರೂಮು.

ಬಾಡಿಗೆ ಡ್ರೆಸ್ ಹೇಗಿರುತ್ತೆ ಗೊತ್ತಲ್ಲ? ನೆಟ್ ಬಟ್ಟೆ, ಮಿಂಚು, ತೋಳಿಲ್ಲ. ಡಿಸೆಂಬರ್ ರಾತ್ರಿ, ಬಯಲು, ಇಬ್ಬನಿ. ಬೀದರ್, ವಿಜಯಪುರ ಕಡೆ ಈ ತಿಂಗಳಲ್ಲಿ ರಾತ್ರಿ ಹತ್ತು ಡಿಗ್ರಿ ಆಸುಪಾಸಿಗೆ ಇಳಿಯುತ್ತೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಚಳಿಯೂ ಏನು ಕಮ್ಮಿ ಇಲ್ಲ. ಮುಂದೆ ಸೋಫಾದಲ್ಲಿ ಕೂತವರಿಗೆ ಸ್ವೆಟರ್ ಇದೆ, ಮೇಲೆ ಸನ್ಮಾನದ ಶಾಲು ಬೇರೆ. ಮಗು ಸ್ವೆಟರ್ ಹಾಕ್ಕೊಂಡ್ರೆ ಮಾತ್ರ 'ತೆಗಿ, ಡ್ರೆಸ್ ಮುಚ್ಚೋಗುತ್ತೆ'.

ಊಟ? 'ಈಗ ಬೇಡ, ಲಿಪ್‌ಸ್ಟಿಕ್ ಹೋಗುತ್ತೆ.' ನೀರು? 'ಜಾಸ್ತಿ ಕುಡೀಬೇಡ, ಆಮೇಲೆ ಒಂದಕ್ಕೆ ಬರುತ್ತೆ, ಪಿನ್ ಎಲ್ಲಾ ಬಿಚ್ಚಬೇಕಾಗುತ್ತೆ.' ಆರು ವರ್ಷದ ಮಗು ನಾಲ್ಕು ಗಂಟೆಯಿಂದ ಹತ್ತು ಗಂಟೆವರೆಗೂ ಒಂದಕ್ಕೂ ಹೋಗದೆ ಕೂತಿರಬೇಕು. ನೀವು ನಾನು ಕೂರ್ತೀವಾ? ಒಂದೂವರೆ ಗಂಟೆ ಕಾಸ್ಟಿಂಗ್ ಕ್ಲಾಸಿಗೇ ನಾವು ಎರಡು ಸಲ ಎದ್ದು ಹೋಗ್ತೀವಿ.

ಒಂದನೇ ಕ್ಲಾಸಿನ ಮಕ್ಕಳು ಗೋಡೆಗೆ ಒರಗಿ ನಿದ್ದೆ ಹೋಗಿರ್ತಾರೆ. ಅವರ ಸರದಿ ಬಂದಾಗ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ ಸ್ಟೇಜಿಗೆ ತಳ್ತಾರೆ. ಬೆಳಕು ಕಣ್ಣಿಗೆ ಬಡಿದ ತಕ್ಷಣ ಮಗು ಗಾಬರಿಯಾಗಿ ಅಳುತ್ತೆ. ಆ ಅಳುವನ್ನ ವಿಡಿಯೋ ಮಾಡಿ 'ಕ್ಯೂಟ್' ಅಂತ ಹಾಕ್ತೀವಿ. ಕ್ಯೂಟ್ ಅಲ್ಲ ಗುರು. ಅದು ನಿದ್ದೆ, ಹಸಿವು, ಚಳಿ.

5/9
ಇನ್ನೊಂದು ವಿಷಯ ಯಾರೂ ಮಾತಾಡಲ್ಲ: ದುಡ್ಡು.

ನಮ್ಮ ಕಡೆ ಒಂದು ಡ್ರೆಸ್ಸಿನ ಬಾಡಿಗೆ ಇನ್ನೂರು, ಮುನ್ನೂರು. ಎರಡು ಡ್ಯಾನ್ಸ್ ಅಂದ್ರೆ ಎರಡು ಡ್ರೆಸ್ಸು. ಉದ್ಯೋಗ ಖಾತ್ರಿಯಲ್ಲಿ 2025–26ಕ್ಕೆ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ. ಮನೇಲಿ ಎರಡು ಮಕ್ಕಳಿದ್ರೆ ಅಪ್ಪನೋ ಅಮ್ಮನೋ ದುಡಿದ ಒಂದೂವರೆ ದಿನದ ಕೂಲಿ ಒಂದು ರಾತ್ರಿಯ ಮಿಂಚಿನ ಬಟ್ಟೆಗೆ ಹೋಯ್ತು. ಅದೂ ಬೆಳಗ್ಗೆ ವಾಪಸ್ ಕೊಡಬೇಕಾದ ಬಟ್ಟೆ.

ಕೊಡೋಕಾಗದ ಮನೆಯವರು ಏನ್ ಮಾಡ್ತಾರೆ? ಜಗಳ ಆಡಲ್ಲ. 'ನಮ್ಮ ಹುಡುಗಿಗೆ ಡ್ಯಾನ್ಸ್ ಇಷ್ಟ ಇಲ್ಲ ಮೇಡಂ' ಅಂತಾರೆ. ಮೇಡಂಗೂ ಗೊತ್ತು, ಅವರಿಗೂ ಗೊತ್ತು. ಪಟ್ಟಿಯಿಂದ ಹೆಸರು ಹೋಗುತ್ತೆ.

ಹೀಗಾಗಿ ಒಂದೇ ಮಗು ನಾಲ್ಕು ಡ್ಯಾನ್ಸಲ್ಲಿ ಇರುತ್ತೆ, ಇನ್ನೊಂದು ಮಗು ಒಂದರಲ್ಲೂ ಇರಲ್ಲ. ಮೂರು ವಾರ ಪ್ರಾಕ್ಟೀಸ್ ನಡೆಯುವಾಗ ಆ ಮಗು ಕಿಟಕಿ ಹತ್ರ ನಿಂತು ನೋಡುತ್ತೆ. ಅದಕ್ಕೆ ಎಲ್ಲಾ ಸ್ಟೆಪ್ ಬರುತ್ತೆ. ಸ್ಕೂಲ್ ಡೇ ದಿನ ಕೆಳಗೆ ಟಾರ್ಪಾಲ್ ಮೇಲೆ ಕೂತು ಬರೀ ಕೈಯಲ್ಲಿ ಇಡೀ ಡ್ಯಾನ್ಸ್ ಮಾಡಿದ ಮೂರನೇ ಕ್ಲಾಸಿನ ಒಬ್ಬಳನ್ನ ನಾನೇ ನೋಡಿದ್ದೀನಿ. ಮೇಲಿನವರು ಒಂದು ಸ್ಟೆಪ್ ತಪ್ಪಿದ್ರು, ಇವಳು ತಪ್ಪಲಿಲ್ಲ.

ಸರ್ಕಾರಿ ಶಾಲೆ ಇರೋದೇ ದುಡ್ಡು ನೋಡದೆ ಎಲ್ಲರನ್ನೂ ಒಳಗೆ ಕೂರಿಸೋಕೆ. ಫೀಸ್ ಇಲ್ಲ, ಪುಸ್ತಕ, ಯೂನಿಫಾರ್ಮ್, ಬಿಸಿಯೂಟ, ಹಾಲು ಎಲ್ಲಾ ಕೊಡ್ತೀವಿ. ವರ್ಷದಲ್ಲಿ ಒಂದು ದಿನ ಊರೆಲ್ಲಾ ಸೇರಿ ಶಾಲೆ ನೋಡೋಕೆ ಬಂದಾಗ ಮಾತ್ರ ಬಾಡಿಗೆ ಕಟ್ಟಿದವರು ಮೇಲೆ, ಕಟ್ಟದವರು ಕೆಳಗೆ. ಇದು ಯಾವ ನ್ಯಾಯ?

6/9
ಈಗ 'ಹಾಗಾದ್ರೆ ಸ್ಕೂಲ್ ಡೇನೇ ಬೇಡ್ವಾ? ಮಕ್ಕಳು ಬರೀ ಓದ್ಕೊಂಡು ಕೂರಬೇಕಾ?' ಅನ್ನೋರಿಗೆ.

ನಾನು ಹಾಗೆ ಹೇಳೇ ಇಲ್ಲ. ಬೇಕೇ ಬೇಕು. ಮೈಕ್ ಮುಂದೆ ನಿಲ್ಲೋದು, ಸಾಲಲ್ಲಿ ತಾಳ ಹಿಡಿಯೋದು ಎಲ್ಲಾ ಕಲಿಕೆಯೇ. ಅದಕ್ಕೇ ಅದು ಕೆಲವರಿಗಲ್ಲ, ಎಲ್ಲರಿಗೂ ಸಿಗಬೇಕು ಅಂತಿರೋದು.

ಚಳಿಗಾಲದಲ್ಲೇ ಇದೇ ಶಾಲೆಗಳಲ್ಲಿ ನಡೆಯೋ ಇನ್ನೊಂದು ಕಾರ್ಯಕ್ರಮ ನೋಡಿ. ಮೆಟ್ರಿಕ್ ಮೇಳ. ಕೆಲವು ಕಡೆ ಮಕ್ಕಳ ಸಂತೆ ಅಂತಾರೆ. ಬೆಳಗ್ಗೆ ಹತ್ತಕ್ಕೆ ಶುರು, ಬಿಸಿಯೂಟದ ಹೊತ್ತಿಗೆ ಮುಗಿಯುತ್ತೆ. ಶಾಲೆ ಅಂಗಳದಲ್ಲಿ ಗೋಣಿಚೀಲ ಹಾಸ್ಕೊಂಡು ಮಕ್ಕಳು ಅಂಗಡಿ ಇಡ್ತಾರೆ. ಅವರೆಕಾಯಿ, ಮೆಂತ್ಯ ಸೊಪ್ಪು, ತೆಂಗಿನಕಾಯಿ, ಹಿತ್ತಲಿನ ನಿಂಬೆಹಣ್ಣು, ಅಮ್ಮ ಮಾಡಿಕೊಟ್ಟ ಚುರುಮುರಿ. ತಕ್ಕಡಿ, ತೂಕದ ಬಟ್ಟು, ಚಿಲ್ಲರೆ ಎಲ್ಲಾ ಅವರ ಕೈಯಲ್ಲೇ. ಕಾಲು ಕೆಜಿ ಅಂದ್ರೆ 250 ಗ್ರಾಂ ಅನ್ನೋದು ಬೋರ್ಡ್ ಮೇಲಲ್ಲ, ಕೈ ಮೇಲೆ ಗೊತ್ತಾಗುತ್ತೆ. 'ಅಣ್ಣಾ ತಗೊಳ್ಳಿ, ಅಕ್ಕಾ ತಗೊಳ್ಳಿ' ಅಂತ ಕೂಗಾಟ. ಗ್ರಾಮ ಪಂಚಾಯಿತಿ ಅಧ್ಯಕ್ಷರು ಬಂದ್ರೂ ಅವರು ಗಿರಾಕಿ ಅಷ್ಟೇ. ಚೌಕಾಸಿ ಮಾಡಿದ್ರೆ ಎರಡನೇ ಕ್ಲಾಸಿನವನು 'ಆಗಲ್ಲ ಸಾರ್, ಅಸಲೇ ಗಿಟ್ಟಲ್ಲ' ಅಂತಾನೆ. ನಮ್ಮ ಮಾರ್ಜಿನಲ್ ಕಾಸ್ಟಿಂಗ್ ಲೆಕ್ಚರರ್ ಒಂದು ತಿಂಗಳು ಹೇಳಿದ್ದನ್ನ ಅವನು ಮೂರು ಪದದಲ್ಲಿ ಹೇಳಿ ಮುಗಿಸ್ತಾನೆ.

ಇಲ್ಲಿ ಬಾಡಿಗೆ ಡ್ರೆಸ್ ಇಲ್ಲ. ಆಯ್ಕೆ ಪಟ್ಟಿ ಇಲ್ಲ. ಹೊಲ ಇಲ್ಲದ ಮನೆಯ ಮಗುವೂ ಬೇಲಿ ಮೇಲಿನ ತೊಂಡೆಕಾಯಿ ತರಬಹುದು.

ಇನ್ನೊಂದು, ಮಕ್ಕಳ ಗ್ರಾಮಸಭೆ. ಪಂಚಾಯಿತಿಯವರು ವರ್ಷಕ್ಕೊಂದು ಸಲ ಮಕ್ಕಳ ಮಾತು ಕೇಳೋಕೆ ಕೂರೋ ಸಭೆ. ಅಲ್ಲಿ ಮೈಕ್ ಮಗುವಿನ ಕೈಲಿ. 'ಶೌಚಾಲಯಕ್ಕೆ ಬಾಗಿಲಿಲ್ಲ, ಯಾವಾಗ ಹಾಕಿಸ್ತೀರಾ?' ಅಂತ ಕೇಳಿದ್ರೆ ಉತ್ತರ ಕೊಡಬೇಕಾದ್ದು ದೊಡ್ಡವರು.

ಅಂದ್ರೆ ನಮಗೆ ಬರುತ್ತೆ. ಮಕ್ಕಳನ್ನ ಮುಂದೆ ಇಟ್ಟು ಕಾರ್ಯಕ್ರಮ ಮಾಡೋದು ಹೇಗೆ ಅಂತ ಇದೇ ಶಾಲೆ, ಇದೇ ಮೇಷ್ಟ್ರು, ಇದೇ ಊರಿಗೆ ಗೊತ್ತಿದೆ. ಸ್ಕೂಲ್ ಡೇ ದಿನ ಮಾತ್ರ ಮರೆತುಹೋಗುತ್ತೆ.

7/9
ನಮ್ಮೂರಲ್ಲಿ ಈ ವಿಷಯ ಎತ್ತಿದಾಗ ನನಗೆ ಸಿಕ್ಕ ಉತ್ತರಗಳು ಇವು. ನಿಮಗೂ ಇವೇ ಸಿಗುತ್ತೆ, ರೆಡಿ ಇರಿ.

'ದೊಡ್ಡವರನ್ನ ಕರೀದೆ ಇದ್ರೆ ಶಾಲೆಗೆ ದುಡ್ಡು ಬರಲ್ಲಮ್ಮಾ.'
ಇದು ಸುಳ್ಳಲ್ಲ. ಎಷ್ಟೋ ಶಾಲೆಗಳ ನೀರಿನ ಫಿಲ್ಟರು, ಬೆಂಚು, ಗೇಟು ದಾನಿಗಳು ಕೊಟ್ಟಿದ್ದೇ. ಅವರಿಗೆ ಗೌರವ ಬೇಕು. ಆದ್ರೆ ಬೆಂಚ್ ಕೊಟ್ಟವರಿಗೆ ಆ ಬೆಂಚಲ್ಲಿ ಕೂರೋ ಮಗುವಿನ ಡ್ಯಾನ್ಸ್ ತೋರಿಸೋದಕ್ಕಿಂತ ದೊಡ್ಡ ಸನ್ಮಾನ ಏನಿದೆ? ನಾಲ್ಕು ಡ್ಯಾನ್ಸ್ ಆದ ಮೇಲೆ ಐದು ನಿಮಿಷ ನಿಲ್ಲಿಸಿ, ಎಲ್ಲರಿಗೂ ಒಟ್ಟಿಗೆ ಹಾರ ಹಾಕಿ. ಇನ್ನು ಜನಪ್ರತಿನಿಧಿಗಳು ಕೊಡೋ ಅನುದಾನ ಅವರ ಮನೆ ದುಡ್ಡಲ್ಲ, ನಮ್ಮ ತೆರಿಗೆ. ಕೊಠಡಿ ಕಟ್ಟಿಸಿದ್ದು ಉಪಕಾರ ಅಲ್ಲ. 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಸಂವಿಧಾನದ 21ಎ ವಿಧಿಯ ಮೂಲಭೂತ ಹಕ್ಕು. ಹಕ್ಕಿಗೆ ಎರಡು ಗಂಟೆ ಥ್ಯಾಂಕ್ಸ್ ಹೇಳೋ ಅಗತ್ಯ ಇಲ್ಲ.

'ಸಂಜೆ ಬೇಗ ಇಟ್ರೆ ಜನ ಬರಲ್ಲ, ಹೊಲದ ಕೆಲಸ ಇರುತ್ತೆ.'
ತನ್ನ ಮಗು ನಾಲ್ಕೂವರೆಗೆ ಸ್ಟೇಜ್ ಮೇಲೆ ಇರುತ್ತೆ ಅಂತ ಗೊತ್ತಾದ್ರೆ ಯಾವ ತಾಯಿ ಬರಲ್ಲ ಹೇಳಿ? ಈಗ ತಡವಾಗಿ ಬರೋದು ಯಾಕಂದ್ರೆ ಹತ್ತರವರೆಗೂ ಏನೂ ಇರಲ್ಲ ಅಂತ ಅವರಿಗೆ ಗೊತ್ತು. ಶನಿವಾರವೋ ಭಾನುವಾರವೋ ಇಟ್ಟುನೋಡಿ.

'ರಾತ್ರಿ ಆದ್ರೇನೇ ಕಳೆ, ಇದು ಊರ ಹಬ್ಬ.'
ಒಪ್ಪಿದೆ. ರಾತ್ರಿ ದೊಡ್ಡವರು ಇಟ್ಕೊಳ್ಳಿ. ಕರಾವಳಿ ಕಡೆ ಎಷ್ಟೋ ಶಾಲೆಗಳಲ್ಲಿ ಹಳೆ ವಿದ್ಯಾರ್ಥಿ ಸಂಘದವರು ವಾರ್ಷಿಕೋತ್ಸವದ ರಾತ್ರಿ ಯಕ್ಷಗಾನವೋ ತುಳು ನಾಟಕವೋ ಆಡ್ತಾರೆ. ನಮ್ಮ ಕಡೆ ಕುರುಕ್ಷೇತ್ರ ಬೆಳಗಿನ ಜಾವದವರೆಗೂ ನಡೆಯುತ್ತೆ. ನಡೀಲಿ! ದುರ್ಯೋಧನನಿಗೆ ಐವತ್ತು ವರ್ಷ, ನಿದ್ದೆಗೆಟ್ರೂ ತಡ್ಕೊಳ್ತಾನೆ. ಒಂದನೇ ಕ್ಲಾಸಿನವಳಿಗೆ ಆರು. ಅವಳನ್ನ ಮನೆಗೆ ಕಳಿಸಿ. ಅಂದಹಾಗೆ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಿಶೇಷ ಅನುಮತಿ ಇಲ್ಲದೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಅಂದ್ರೆ ಮಕ್ಕಳ ಕಾರ್ಯಕ್ರಮ ಶುರು ಆಗೋದೇ ಕಾನೂನಿನ ಟೈಮ್ ಮುಗಿದ ಮೇಲೆ.

'ಮೇಷ್ಟ್ರಿಗೆ ಹೇಳಿ, ನಮಗ್ಯಾಕೆ.'
ಅವರಿಗೆ ಹೇಳಿ ಪ್ರಯೋಜನ ಇಲ್ಲ. ಗೌರ್ಮೆಂಟ್ ಶಾಲೆ ಮೇಡಂ ಒಬ್ಬರು ಯಾವುದಾದ್ರೂ ಹೆಸರು ಬಿಟ್ಟು ಪತ್ರಿಕೆ ಪ್ರಿಂಟ್ ಮಾಡಿಸಿದ್ರೆ ಮಾರನೇ ದಿನ ಫೋನ್ ಬರೋದು ಅವರಿಗೇ. ಅವರು ಹೆದರಿ ಹೆಸರು ಹಾಕ್ತಾರೆ, ಖುಷಿಗಲ್ಲ. ಊರಿನವರು ನಿಂತ್ರೆ ಮಾತ್ರ ಅವರಿಗೆ ಧೈರ್ಯ.

8/9
ಹಾಗಾದ್ರೆ ಕೇಳಬೇಕಾದ್ದು ಏನು? ಆರೇ ಆರು. ಸ್ಕ್ರೀನ್‌ಶಾಟ್ ತಗೊಳ್ಳಿ.

ಒಂದು: ಕಾರ್ಯಕ್ರಮ ನಾಲ್ಕಕ್ಕೆ ಶುರು, ಏಳೂವರೆಗೆ ಮಕ್ಕಳ ಭಾಗ ಮುಗೀಬೇಕು. ಅತಿಥಿ ಬರಲಿ ಬಿಡಲಿ, ನಾಲ್ಕು ಅಂದ್ರೆ ನಾಲ್ಕು.

ಎರಡು: ಚಿಕ್ಕವರು ಮೊದಲು. ಒಂದನೇ ಕ್ಲಾಸಿನಿಂದ ಶುರು ಮಾಡಿ ಏಳನೇ ಕ್ಲಾಸಿಗೆ ಮುಗಿಸಿ. ಮುಗಿದವರು ಸ್ವೆಟರ್ ಹಾಕ್ಕೊಂಡು ಅಮ್ಮನ ಪಕ್ಕ ಕೂರಲಿ.

ಮೂರು: ಎಲ್ಲಾ ಭಾಷಣ, ಸನ್ಮಾನ ಸೇರಿ ಇಪ್ಪತ್ತು ನಿಮಿಷ. ಅದೂ ಮಧ್ಯದಲ್ಲಿ. ವರದಿಯನ್ನ ಓದೋದು ಬೇಡ, ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ.

ನಾಲ್ಕು: ಶಾಲೆಯ ಪ್ರತಿಯೊಂದು ಮಗುವೂ ಒಂದು ಸಲ ಆದ್ರೂ ಸ್ಟೇಜ್ ಹತ್ತಬೇಕು. ಬಟ್ಟೆ ಮನೆಯದ್ದೇ. ಯೂನಿಫಾರ್ಮ್ ಮೇಲೆ ಒಂದು ಬಣ್ಣದ ಟವೆಲ್ ಕಟ್ಟಿದ್ರೂ ಕೋಲಾಟ ಚೆಂದವೇ. ಬಾಡಿಗೆ ಡ್ರೆಸ್ ಬಂದ್.

ಐದು: ಕಾಯೋ ಮಕ್ಕಳಿಗೆ ಬಿಸಿ ಉಪ್ಪಿಟ್ಟು, ಬಿಸಿ ಹಾಲು. ಒಬ್ಬರು ಬರೀ ಶೌಚಾಲಯದ ಜವಾಬ್ದಾರಿಗೆ.

ಆರು: ಪತ್ರಿಕೆಯಲ್ಲಿ ಮಕ್ಕಳ ಹೆಸರು. ಎಲ್ಲರದ್ದೂ. ನಲವತ್ಮೂರು ದೊಡ್ಡವರಿಗೆ ಜಾಗ ಇದ್ದ ಕಾಗದದಲ್ಲಿ 120 ಮಕ್ಕಳಿಗೆ ಜಾಗ ಆಗದೆ ಇರಲ್ಲ. ಇನ್ನೊಂದು ಮಗ್ಗಲು ಖಾಲಿ ಇದೆ.

ಇದಕ್ಕೆ ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲ. ಲೈಟಿಂಗು, ಸೌಂಡು, ಶಾಮಿಯಾನದ ಬಾಡಿಗೆ ಉಳಿಯುತ್ತೆ. ಉಪ್ಪಿಟ್ಟಿನ ಖರ್ಚು ಅದರಲ್ಲೇ ಹೋಗುತ್ತೆ.

9/9
ಯಾರನ್ನ ಕೇಳಬೇಕು? ಎಸ್‌ಡಿಎಂಸಿನ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಂದಿರೇ ಇರಬೇಕು, ಸಮಿತಿಯಲ್ಲಿ ಅರ್ಧ ಹೆಂಗಸರಿರಬೇಕು. ಅಂದ್ರೆ ಅವರು ದೂರದ ಆಫೀಸಿನವರಲ್ಲ. ನಿಮ್ಮ ಚಿಕ್ಕಮ್ಮ, ನಿಮ್ಮ ಪಕ್ಕದ ಮನೆ ಅಣ್ಣ, ಹಾಲಿನ ಡೈರಿ ಹತ್ರ ದಿನಾ ಸಿಗೋ ಮಾವ. ಸಭೆ ಯಾವಾಗ ಅಂತ ಕೇಳಿ. ಪತ್ರಿಕೆ ಪ್ರಿಂಟಿಗೆ ಹೋಗೋ ಮುಂಚೆ ಹೋಗಿ. ಪ್ರಿಂಟ್ ಆದ ಮೇಲೆ ಹೋದ್ರೆ 'ಮುಂದಿನ ವರ್ಷ ನೋಡೋಣ' ಅಂತಾರೆ.

ಬರೀ ಕೇಳಿ ಬರಬೇಡಿ, ಕೆಲಸ ಹೊತ್ಕೊಂಡು ಬನ್ನಿ. 'ಗ್ರೀನ್ ರೂಮ್ ನಾವು ನೋಡ್ಕೋತೀವಿ. ನಿರೂಪಣೆ ನಾವು ಮಾಡ್ತೀವಿ. ಟೈಮ್ ಆದಾಗ ಭಾಷಣಕಾರರಿಗೆ ಚೀಟಿ ಕೊಡೋ ಕೆಟ್ಟ ಹೆಸರೂ ನಮಗೇ ಇರಲಿ' ಅಂತ ಹೇಳಿ. ಈ ಕೊನೇದು ಕೇಳಿದ ತಕ್ಷಣ ಮೇಷ್ಟ್ರ ಮುಖ ಅರಳೋದು ನೋಡಿ.

ನಮ್ಮ ವಯಸ್ಸಿನವರಿಗೆ ಒಂದು ಅನುಕೂಲ ಇದೆ. ನಮಗೆ ಗುತ್ತಿಗೆ ಬೇಡ, ಟಿಕೆಟ್ ಬೇಡ, ವರ್ಗಾವಣೆ ಭಯ ಇಲ್ಲ. ಪತ್ರಿಕೆಯಲ್ಲಿ ಹೆಸರು ಬಿಟ್ರೂ ನಷ್ಟ ಇಲ್ಲ. ಊರಲ್ಲಿ ಈ ಮಾತನ್ನ ನಿರ್ಭಯವಾಗಿ ಆಡೋಕೆ ಆಗೋದು ನಮಗೇ.

ನಮ್ಮೂರ ಶಾಲೆಯಲ್ಲಿ ಸ್ಕೂಲ್ ಡೇ ಜನವರಿಗೆ ಇದೆ. ಪತ್ರಿಕೆ ಇನ್ನೂ ಪ್ರಿಂಟಿಗೆ ಹೋಗಿಲ್ಲ. ಈ ಶನಿವಾರ ಸಭೆ. ನಾನು, ನನ್ನ ಕ್ಲಾಸಿನ ಇನ್ನಿಬ್ಬರು ಹೋಗ್ತಾ ಇದ್ದೀವಿ, 120 ಹೆಸರು ಟೈಪ್ ಮಾಡಿರೋ ಹಾಳೆ ಕೈಲಿ ಹಿಡ್ಕೊಂಡು. ನಿಮ್ಮೂರಲ್ಲಿ ಯಾರು ಹೋಗ್ತೀರಾ? ಕಾಮೆಂಟ್ ಮಾಡಿ, ತಾಲ್ಲೂಕಿನ ಹೆಸರು ಸಾಕು. ಒಬ್ಬರೇ ಹೋಗೋಕೆ ಮುಜುಗರ ಅನ್ನೋರು ಅದೇ ತಾಲ್ಲೂಕಿನ ಇನ್ನೊಬ್ಬರನ್ನ ಕೆಳಗೆ ಹುಡುಕ್ಕೊಳ್ಳಿ.

#ಸರ್ಕಾರಿಶಾಲೆ #ಸ್ಕೂಲ್‌ಡೇ #ಮಕ್ಕಳುಮೊದಲು #ಮೆಟ್ರಿಕ್‌ಮೇಳ